ಕಬಡ್ಡಿ ಆಡುವವರಿಗೆ ತೊಡೆಸಂದಿನ ಹುಳುಕಡ್ಡಿ: ವಾಸಿಯಾದವರು ಹೇಳಿ

ಕಾರ್ನರ್ ಹುಡುಗ, ದಾವಣಗೆರೆ:
ಕಾಲೇಜು ತಂಡದಲ್ಲಿ ಮ್ಯಾಟ್ ಕಬಡ್ಡಿ ಆಡುತ್ತೇನೆ. ತೊಡೆಸಂದಿನಲ್ಲಿ ಹುಳುಕಡ್ಡಿ ಎದ್ದಿದೆ. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಕ್ರೀಮ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ಮೊದಲಿಗಿಂತ ಅಗಲವಾಗಿ ಬರುತ್ತದೆ. ಮುಂದಿನ ತಿಂಗಳು ಟೂರ್ನಿ ಇದೆ. ಆಡಬಹುದಾ? ರೂಮಿನಲ್ಲಿ ನಾಲ್ಕು ಜನ, ಬಕೆಟ್ ಒಂದೇ. ಯಾರಿಗಾದರೂ ಪೂರ್ತಿ ಹೋಗಿದೆಯಾ?

ಹಳೇ ರೈಡರ್:
ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್ ಅಂತ ಇದೆಯಾ ನೋಡು ತಮ್ಮಾ. ಅದು ಸ್ಟೀರಾಯ್ಡ್, ಅದರಲ್ಲೂ ತೀರಾ ಖಡಕ್. ಕೆಂಪು, ತುರಿಕೆ ಎರಡನ್ನೂ ಅಡಗಿಸುತ್ತದೆ. ಫಂಗಸ್ ಮಾತ್ರ ಒಳಗೇ ಆರಾಮಾಗಿ ಹಬ್ಬುತ್ತದೆ. ನನಗೂ ಅದನ್ನೇ ಕೊಟ್ಟರು, ಟ್ಯೂಬಿಗೆ 95 ರೂಪಾಯಿ. ಡಿಗ್ರಿ ಮುಗಿಯುವಷ್ಟರಲ್ಲಿ ತೊಡೆಯಿಂದ ಸೊಂಟಕ್ಕೆ ಏರಿತ್ತು. ಚರ್ಮ ತೆಳ್ಳಗಾಗಿ ಗೆರೆ ಗೆರೆ ಬಿದ್ದಿದೆ. ಆ ಗೆರೆ ಇನ್ನು ಅಳಿಸುವುದಿಲ್ಲವಂತೆ.

ಆಮೇಲಿನ ಲೆಕ್ಕ ಕೇಳು. ಚರ್ಮದ ಡಾಕ್ಟರ್ ಫೀಸು 500. ಫಂಗಸ್ ಇದೆಯಾ ಅಂತ ಚರ್ಮ ಕೆರೆದು ಮಾಡುವ ಕೆಓಎಚ್ ಟೆಸ್ಟ್ 250. ಮಾತ್ರೆಯಿಂದ ಲಿವರಿಗೆ ತೊಂದರೆ ಆಗದಿರಲಿ ಅಂತ ಲಿವರ್ ಟೆಸ್ಟ್ 450. ಫಂಗಸ್ ಕೊಲ್ಲುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಸ್ಟ್ರಿಪ್ಪಿಗೆ 180, ದಿನಕ್ಕೆ ಎರಡು ಕ್ಯಾಪ್ಸೂಲಿನಂತೆ. ಮೇಲೆ ಹಚ್ಚಲು ಫಂಗಸ್ಸಿನದೇ ಲೂಲಿಕೊನಜೋಲ್ ಕ್ರೀಮ್ ಬೇರೆ. ಇಷ್ಟೆಲ್ಲ ಸುರಿದರೂ ಕಡಿಮೆ ಆಗಲಿಲ್ಲ! ಯಾಕೆ ಗೊತ್ತಾ? ನಾನು ಗ್ಯಾಸಿನ ಮಾತ್ರೆ ನುಂಗುತ್ತಿದ್ದೆ, ಅದು ಹೊಟ್ಟೆಯ ಆಮ್ಲ ಇಳಿಸುತ್ತದೆ. ಆ ಕ್ಯಾಪ್ಸೂಲ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು, ಊಟ ಆದ ಕೂಡಲೇ ತೆಗೆದುಕೊಳ್ಳಬೇಕು. ಮೊದಲ ಡಾಕ್ಟರ್ ಒಂದು ಮಾತು ಕೇಳಲಿಲ್ಲ. ಎರಡನೆಯವರು ಕೇಳಿದರು, ಅವರ ಫೀಸು 700. ಅಲ್ಲಿಂದ ಮುಂದೆ ವಾಸಿಯಾಯಿತು.

ಗರಡಿ ಮನೆ, ಮೈಸೂರು:
ಇದೆಲ್ಲ ಮ್ಯಾಟ್ ಬಂದ ಮೇಲೆ ಬಂದ ರೋಗ. ನಮ್ಮ ಗರಡಿಯ ಮಣ್ಣಿಗೆ ಅರಿಶಿನ, ಎಣ್ಣೆ, ನಿಂಬೆಹಣ್ಣು ಎಲ್ಲ ಬೀಳುತ್ತದೆ. ನಮ್ಮ ತಾತ, ಅಪ್ಪ, ನಾನು ಮೂರು ತಲೆಮಾರು ಅದೇ ಮಣ್ಣಲ್ಲಿ ಹೊರಳಿದ್ದೇವೆ, ಒಬ್ಬರಿಗೂ ಏನೂ ಬಂದಿಲ್ಲ. ದಸರಾ ಕುಸ್ತಿಗೆ ಬನ್ನಿ, ಪೈಲ್ವಾನರ ಮೈ ಹೊಳೆಯುವುದು ನೋಡಿ. ಸುಮ್ನೆ ಲಿವರ್ ಟೆಸ್ಟು ಗಿವರ್ ಟೆಸ್ಟು ಅಂತ ಹುಡುಗನನ್ನ ಹೆದರಿಸಬೇಡಿ.

ಹಳಿಯಾಳದವಳು:
ಅಣ್ಣಾ, ನಾನೂ ಮಣ್ಣಲ್ಲೇ ಕಲಿತವಳು. ನಮ್ಮ ಅಖಾಡದಲ್ಲೂ ಹುಳುಕಡ್ಡಿ ಇತ್ತು. ಅದು ಎದುರಿನವರ ಮೈಯಿಂದ ಬರುತ್ತದೆ. ಕೆಳಗೆ ಮಣ್ಣಿದ್ದರೇನು, ಮ್ಯಾಟ್ ಇದ್ದರೇನು? ಅಂತರರಾಷ್ಟ್ರೀಯ ಕುಸ್ತಿಯಲ್ಲಿ ತೂಕಕ್ಕೆ ಮುಂಚೆ ಡಾಕ್ಟರ್ ಚರ್ಮ ನೋಡುತ್ತಾರೆ. ಅಂಟುವ ರೋಗ ಕಂಡರೆ ಆಡಲು ಬಿಡುವುದಿಲ್ಲ. ಒಂದು ಟೂರ್ನಿಯಲ್ಲಿ ನನ್ನ ಜೊತೆಗಾರ್ತಿಯನ್ನು ಹಾಗೆಯೇ ವಾಪಸ್ ಕಳಿಸಿದರು. ತೂಕ ಇಳಿಸಲು ಊಟ ಬಿಟ್ಟು ಬಂದಿದ್ದಳು ಪಾಪ. ಬಸ್ ಚಾರ್ಜ್, ಲಾಡ್ಜ್ ಸೇರಿ 3,200 ರೂಪಾಯಿ ನೀರಲ್ಲಿ ಹೋಮ. ಹಾಸ್ಟೆಲಿನಲ್ಲಿ ಎಲ್ಲರಿಗೂ ಒಟ್ಟಿಗೇ ಔಷಧಿ ಕೊಟ್ಟ ಮೇಲೇ ನಿಂತಿದ್ದು. ಅಲ್ಲಿಯವರೆಗೆ ಒಬ್ಬಳಿಗೆ ಹೋದರೆ ಇನ್ನೊಬ್ಬಳಿಗೆ.

ಮೆಡಿಕಲ್ ಅಂಗಡಿಯವ:
ಬೈಯೋಕೆ ಎಲ್ಲರಿಗೂ ಅಂಗಡಿಯವನೇ ಬೇಕು ಅಲ್ವಾ? ಸಂಜೆ ಗಿರಾಕಿ ಬರುತ್ತಾನೆ, ಗುಂಪಲ್ಲಿ ನಿಂತು ಮೆಲ್ಲಗೆ "ಅಲ್ಲಿ ತುರಿಕೆ" ಅನ್ನುತ್ತಾನೆ. ಡಾಕ್ಟರ್ ಹತ್ತಿರ ಹೋಗು ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಬಾಡಿಗೆ ಯಾರು ಕಟ್ಟೋದು, ನೀವಾ?

ಹಳೇ ರೈಡರ್:
2018ರಲ್ಲೇ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಹಾಕಿದೆ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನಿಮ್ಮ ಬಾಡಿಗೆಗೆ ನನ್ನ ತೊಡೆ ಬೇಕಿತ್ತಾ?

ಮೆಡಿಕಲ್ ಅಂಗಡಿಯವ:
ಕಾನೂನು ನಮಗೂ ಗೊತ್ತು ಸ್ವಾಮಿ. ಚೀಟಿಯಲ್ಲೇ ಅದೇ ಕ್ರೀಮ್ ಬರೆದು ಕಳಿಸುವವರೂ ಇದ್ದಾರೆ. ಅವರ ಮುಂದೆ ಹೋಗಿ ಹೀಗೆ ಮಾತಾಡಿ ನೋಡೋಣ.

ಬೆಳಗಿನ ಓಟ, ಬೆಂಗಳೂರು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಉರಿ ಎಲ್ಲ ಫಂಗಸ್ಸೇ ಅಂತ ತಿಳಿಯಬೇಡಿ. ನನ್ನದು ಲಾಂಗ್ ರನ್‌ನಲ್ಲಿ ತೊಡೆಗೆ ತೊಡೆ ಉಜ್ಜಿ ಆದ ಗಾಯ. ಫಂಗಸ್ ಪೌಡರ್ ಡಬ್ಬಿಗಟ್ಟಲೆ ಖರ್ಚಾಯಿತು, ಪೌಡರ್ ಬೆವರಲ್ಲಿ ಗಂಟು ಕಟ್ಟಿ ಇನ್ನೂ ಉಜ್ಜಿತು. ಕೊನೆಗೆ ಓಡುವ ಮುಂಚೆ ವ್ಯಾಸಲಿನ್, ಮೇಲೆ ಮಂಡಿವರೆಗಿನ ಟೈಟ್ಸ್. ಟೈಟ್ಸ್ 1,400 ಆಯಿತು, ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಹಳಿಯಾಳದವಳು:
ಅಕ್ಕಾ, ಅವನು ಹುಳುಕಡ್ಡಿ ಅಂತಲೇ ಬರೆದಿದ್ದಾನೆ. ಉಂಗುರದ ಹಾಗೆ ಅಂಚು ಉಬ್ಬಿ, ನಡುವೆ ತಿಳಿಯಾಗಿದ್ದರೆ ಅದೇ. ಆದರೆ ಸ್ಟೀರಾಯ್ಡ್ ಹಚ್ಚಿದ ಮೇಲೆ ಆ ರೂಪವೂ ಕೆಟ್ಟುಹೋಗುತ್ತದೆ. ಅದಕ್ಕೇ ಆ ಕೆರೆದು ನೋಡುವ ಟೆಸ್ಟು. ಹುಳುಕಡ್ಡಿ ಮೇಲೆ ಬಿಗಿ ಟೈಟ್ಸ್ ಹಾಕಿದರೆ ಮುಗಿಯಿತು ಕಥೆ.

ಬೆಳಗಿನ ಓಟ, ಬೆಂಗಳೂರು:
ನನ್ನ ಅನುಭವ ಹೇಳಿದೆ, ಅಷ್ಟೇ. ಅನುಭವ ಹಂಚಿ ಅಂತ ಕೇಳಿದ್ದು ಅವನೇ.

ಗರಡಿ ಮನೆ, ಮೈಸೂರು:
ಮಣ್ಣಿನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಬೇವಿನ ಸೊಪ್ಪು ಕುದಿಸಿ ಸ್ನಾನ ಮಾಡಿ, ತೊಡೆಗೆ ನಿಂಬೆರಸ ತಿಕ್ಕಿ. ಖರ್ಚು 5 ರೂಪಾಯಿ.

ಹಳೇ ರೈಡರ್:
ಕೆರೆದು ಕೆರೆದು ಸುಲಿದ ಚರ್ಮಕ್ಕೆ ನಿಂಬೆರಸ! ನಮ್ಮ ತಂಡದಲ್ಲಿ ಒಬ್ಬ ಹಚ್ಚಿಕೊಂಡು ಚರ್ಮ ಸುಟ್ಟ ಹಾಗೆ ಕಪ್ಪಾಗಿ, ವಾರ ಪೂರ್ತಿ ಕಾಲಗಲಿಸಿ ನಡೆದ. ನಿಮ್ಮ ಮೂರು ತಲೆಮಾರಿಗೆ ದೊಡ್ಡ ನಮಸ್ಕಾರ.

ಕಾರ್ನರ್ ಹುಡುಗ, ದಾವಣಗೆರೆ:
ಅಣ್ಣಂದಿರೇ, ಅಕ್ಕಂದಿರೇ, ಟೂರ್ನಿ ಆಡಬಹುದಾ ಅಂತ ಯಾರೂ ಹೇಳಲೇ ಇಲ್ಲ. ಟ್ಯೂಬ್ ನೋಡಿದೆ, ಕ್ಲೋಬೆಟಾಸಾಲ್ ಇದೆ. ರೂಮಿನಲ್ಲಿ ಕೇಳಿದರೆ ಇನ್ನಿಬ್ಬರಿಗೂ ಇದೆಯಂತೆ, ನಾಚಿಕೆಗೆ ಹೇಳಿರಲಿಲ್ಲ. ಅವರೂ ನನ್ನ ಟ್ಯೂಬನ್ನೇ ಕದ್ದು ಹಚ್ಚುತ್ತಿದ್ದರಂತೆ.

ಹಳಿಯಾಳದವಳು:
ಅದನ್ನು ಡಾಕ್ಟರೇ ಹೇಳಬೇಕು. ಮೂವರೂ ಒಟ್ಟಿಗೆ ಹೋಗಿ, ಟ್ಯೂಬ್ ತೆಗೆದುಕೊಂಡು ಹೋಗಿ ತೋರಿಸಿ. ಟವೆಲ್, ಚಡ್ಡಿ ಬೇರೆ ಬೇರೆ. ಬಿಸಿನೀರಲ್ಲಿ ನೆನೆಸಿ, ಬಿಸಿಲಲ್ಲಿ ಒಳಮೈ ಮೇಲೆ ಮಾಡಿ ಒಣಗಿಸಿ. ಕಲೆ ಮಾಯವಾಯಿತು ಅಂತ ನೀವೇ ಔಷಧಿ ನಿಲ್ಲಿಸಬೇಡಿ.

ಮೆಡಿಕಲ್ ಅಂಗಡಿಯವ:
ಹಣದ ತೊಂದರೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ. ಮಾತ್ರೆ ಅಲ್ಲಿ ಸಿಗದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ. ನನಗೆ ವ್ಯಾಪಾರ ಹೋದರೂ ಹೇಳುತ್ತಿದ್ದೇನೆ, ರೈಡರ್ ಸಾಹೇಬರು ಬರೆದಿಟ್ಟುಕೊಳ್ಳಲಿ.

ಹಳೇ ರೈಡರ್:
ಬರೆದುಕೊಂಡೆ. ಆ 95 ರೂಪಾಯಿ ಪಕ್ಕದಲ್ಲೇ.