ಖಿನ್ನತೆಯಲ್ಲಿರುವ ತಮ್ಮನಿಗೆ ಏನು ಉಡುಗೊರೆ ಕೊಡಲಿ?

ಕೇಳಿದವರು:

ನನ್ನ ತಮ್ಮನಿಗೆ ಖಿನ್ನತೆ ಇದೆ ಎಂದು ಮನೋವೈದ್ಯರು ಹೇಳಿ ನಾಲ್ಕು ತಿಂಗಳಾಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ವಾರಕ್ಕೊಮ್ಮೆ ಆಪ್ತಸಮಾಲೋಚಕರ ಬಳಿಗೂ ಹೋಗುತ್ತಾನೆ. ಮುಂದಿನ ತಿಂಗಳು ಅವನ ಹುಟ್ಟುಹಬ್ಬ. ಏನು ಬೇಕು ಎಂದು ಕೇಳಿದರೆ ಗೋಡೆಯ ಕಡೆ ಹೊರಳಿ "ಏನೂ ಬೇಡ ಅಕ್ಕಾ" ಎನ್ನುತ್ತಾನೆ. ಏನೂ ಕೊಡದೆ ಸುಮ್ಮನಿರಲು ನನಗೆ ಆಗುತ್ತಿಲ್ಲ. ಮೊದಲೆಲ್ಲ ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದ, ಹಾಗಾಗಿ ಒಳ್ಳೆಯ ಬಣ್ಣಗಳ ದೊಡ್ಡ ಪೆಟ್ಟಿಗೆ ಕೊಡಿಸೋಣ ಎಂದುಕೊಂಡಿದ್ದೇನೆ. ಇದನ್ನು ಅನುಭವಿಸಿದವರು, ಜೊತೆಗಿದ್ದು ನೋಡಿದವರು ದಯವಿಟ್ಟು ತಿಳಿಸಿ.

ಸ್ವತಃ ಅನುಭವಿಸಿದವರೊಬ್ಬರು:

ಬಣ್ಣದ ಪೆಟ್ಟಿಗೆಯನ್ನು ಸದ್ಯಕ್ಕೆ ತಡೆಹಿಡಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದು ಹೇಳುತ್ತೇನೆ.

ಖಿನ್ನತೆ ಎಂದರೆ ಸದಾ ಅಳುತ್ತಿರುವುದು ಎಂದು ಜನ ತಿಳಿಯುತ್ತಾರೆ. ನನ್ನಲ್ಲಿ ಮೊದಲು ಸತ್ತದ್ದು ಆಸಕ್ತಿ. ಕಸೂತಿ ಎಂದರೆ ಊಟ ಮರೆಯುತ್ತಿದ್ದವಳು ನಾನು, ಸೂಜಿಗೆ ದಾರ ಪೋಣಿಸುವುದೂ ಬೆಟ್ಟ ಹತ್ತಿದಂತೆ ಆಗಿಬಿಟ್ಟಿತ್ತು. ಆ ದಿನಗಳಲ್ಲೇ ಗೆಳತಿಯೊಬ್ಬಳು ಹುಡುಕಿ ಹುಡುಕಿ ನಲವತ್ತು ಬಣ್ಣದ ದಾರಗಳ ಪೆಟ್ಟಿಗೆ ತಂದುಕೊಟ್ಟಳು. ಅವಳ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಆದರೆ ಹಾಸಿಗೆಯಿಂದ ಕಣ್ಣು ತೆರೆದಾಗಲೆಲ್ಲ ಎದುರಿನ ಕುರ್ಚಿಯ ಮೇಲೆ ಆ ಪೆಟ್ಟಿಗೆ. ಇನ್ನೂ ತೆರೆದಿಲ್ಲ, ಇನ್ನೂ ತೆರೆದಿಲ್ಲ ಎಂದು ಅದು ನನ್ನನ್ನು ದೂರುತ್ತಿರುವಂತೆ ಅನ್ನಿಸುತ್ತಿತ್ತು. ಕೊನೆಗೆ ಅದು ಕಾಣದಿರಲಿ ಎಂದು ಅದರ ಮೇಲೆ ಒಗೆಯುವ ಬಟ್ಟೆಗಳನ್ನು ಹೇರಿದೆ. ಗೆಳತಿ ಬಂದು "ಹೇಗಿದೆ, ಶುರು ಮಾಡಿದೆಯಾ?" ಎಂದು ಕೇಳಿದ ದಿನ, ಅವಳು ಹೋದ ಮೇಲೆ, ನಾನು ಯಾವುದಕ್ಕೂ ಲಾಯಕ್ಕಿಲ್ಲ ಎಂಬ ಹಳೆಯ ಮಾತನ್ನೇ ರಾತ್ರಿಯಿಡೀ ಮೆಲುಕು ಹಾಕಿದೆ. ತಪ್ಪಿತಸ್ಥ ಭಾವನೆ ಈ ಕಾಯಿಲೆಯ ಒಂದು ಮುಖ್ಯ ಲಕ್ಷಣ. ಕೈಗೆ ಸಿಕ್ಕಿದ್ದನ್ನೆಲ್ಲ ಅದು ತನಗೆ ಉರುವಲು ಮಾಡಿಕೊಳ್ಳುತ್ತದೆ. ಪ್ರೀತಿಯಿಂದ ಕೊಟ್ಟ ಹೂಗಿಡ ನೀರಿಲ್ಲದೆ ಒಣಗಿದರೂ ಅಷ್ಟೇ. ಸಾಕುಪ್ರಾಣಿಯನ್ನಂತೂ ಕೇಳದೆ ತಂದುಕೊಡಲೇಬೇಡಿ.

ಈಗ ನನಗೆ ಹಿತವೆನಿಸಿದ ಉಡುಗೊರೆಯ ವಿಷಯ. ನನ್ನ ಸೋದರತ್ತೆ ಎರಡು ಜೊತೆ ಮೆತ್ತನೆಯ ಕಾಲುಚೀಲ ತಂದರು. ಹೊದಿಕೆ ಕಾಗದ ಇರಲಿಲ್ಲ. ಚೀಟಿ ಕತ್ತರಿಸಿ, ಒಂದು ಸಲ ಒಗೆದು ಒಣಗಿಸಿ, ಮಡಚಿ ಮಂಚದ ಅಂಚಿಗೆ ಇಟ್ಟರು. "ತಣ್ಣಗಾದರೆ ಹಾಕಿಕೋ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು. ನಾನು ಬಿಚ್ಚಬೇಕಾಗಿರಲಿಲ್ಲ, ಮುಖ ಅರಳಿಸಬೇಕಾಗಿರಲಿಲ್ಲ, ಧನ್ಯವಾದ ಹೇಳಬೇಕಾಗಿರಲಿಲ್ಲ. ಆ ಸಂಜೆ ಕಾಲಿಗೆ ಹಾಕಿಕೊಂಡೆ. ಎಷ್ಟೋ ದಿನಗಳ ಮೇಲೆ ನನ್ನ ದೇಹಕ್ಕೆ ನಾನು ಮಾಡಿದ ಉಪಕಾರ ಅದು. ಹಂಗು ಹೊರಿಸದ ವಸ್ತುವನ್ನು ಕೊಡಿ ಅಕ್ಕ. ಅವನ ಎದುರಿನಲ್ಲಿ ಬಿಚ್ಚಿಸಬೇಡಿ, ಮುಖ ನೋಡುತ್ತ ನಿಲ್ಲಬೇಡಿ.

"ಸಂತೋಷವಾಗಿರುವುದು ಹೇಗೆ" ಎಂಬಂಥ ಪುಸ್ತಕಗಳು ನನಗೆ ಐದು ಬಂದಿದ್ದವು. ಅರ್ಧ ಪುಟ ಓದುವಷ್ಟರಲ್ಲಿ ಮೊದಲ ಸಾಲು ಮರೆತುಹೋಗುತ್ತಿದ್ದ ಕಾಲ ಅದು.

ಹೆಂಡತಿಯ ಜೊತೆಗಿದ್ದವರೊಬ್ಬರು:

ನನ್ನಿಂದ ಆದ ತಪ್ಪನ್ನು ಹೇಳುತ್ತೇನೆ, ಇನ್ನೊಬ್ಬರಿಗೆ ಆಗದಿರಲಿ. ಹೆಂಡತಿಯ ಹುಟ್ಟುಹಬ್ಬಕ್ಕೆ ಬೆಳಕಿನ ಚಿಕಿತ್ಸೆಯ ದೀಪ ತಂದೆ. 10,000 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಬೆಳಕು, ಬೆಳಿಗ್ಗೆ ಅರ್ಧ ಗಂಟೆ ಎದುರು ಕುಳಿತರೆ ಸಾಕು ಎಂದು ಓದಿದ್ದೆ. ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಗೆ ವೈದ್ಯರೇ ಅದನ್ನು ಸೂಚಿಸುವುದುಂಟು. ಆದರೆ ನನ್ನ ಹೆಂಡತಿಗೆ ಇದ್ದದ್ದು ಬೈಪೋಲಾರ್ ಕಾಯಿಲೆಯ ಖಿನ್ನತೆ, ಅಂದರೆ ಕೆಲವು ಕಾಲ ಖಿನ್ನತೆ, ಕೆಲವು ಕಾಲ ಅತಿಯಾದ ಉತ್ಸಾಹದ ಉನ್ಮಾದ ಬರುವ ಕಾಯಿಲೆ. ಅಂಥವರಲ್ಲಿ ಈ ಬೆಳಕು ಉನ್ಮಾದವನ್ನು ಕೆರಳಿಸಬಹುದು. ನಾಲ್ಕನೆಯ ದಿನಕ್ಕೆ ಅವಳು ನಿದ್ದೆಯನ್ನೇ ಬಿಟ್ಟಳು, ಮಾತಿಗೆ ತಡೆಯೇ ಇರಲಿಲ್ಲ. ವೈದ್ಯರು ದೀಪವನ್ನು ಕೂಡಲೇ ನಿಲ್ಲಿಸಿದರು. ಗಿಡಮೂಲಿಕೆಯದು ಎಂದು ಮಾರುವ ಗುಳಿಗೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಖಿನ್ನತೆಯ ಮಾತ್ರೆಗಳೊಡನೆ ಸೇರಿದರೆ ಅಪಾಯ ಆಗಬಹುದು. ಮದ್ಯ ಬೇಡವೆಂದು ನಾನು ಹೇಳಬೇಕಾಗಿಲ್ಲ. ಔಷಧದ ಕೆಲಸ ಮಾಡುವ ಯಾವುದನ್ನೂ ವೈದ್ಯರನ್ನು ಕೇಳದೆ ಉಡುಗೊರೆಯಾಗಿ ಕೊಡಬೇಡಿ.

ಮಗನ ತಾಯಿ:

ಮೊದಲು ಬರೆದವರ ಮಾತು ನಿಜ, ಆದರೆ ಬಣ್ಣವನ್ನು ಪೂರ್ತಿ ಕೈಬಿಡಬೇಡಿ ಎನ್ನುತ್ತೇನೆ. ನನ್ನ ಮಗನೂ ಚಿತ್ರ ಬರೆಯುವವನು. ನಾನು ಅವನಿಗೆ ಏನನ್ನೂ ತಂದುಕೊಡಲಿಲ್ಲ. ಸಂಜೆ ಅವನ ಕೋಣೆಯಲ್ಲಿ ನೆಲದ ಮೇಲೆ ಕುಳಿತು, ಒಂದು ಪೆನ್ಸಿಲ್ ಹಿಡಿದು, ನನಗೆ ತೋಚಿದ್ದನ್ನು ನಾನೇ ಗೀಚತೊಡಗಿದೆ. ಅವನನ್ನು ಕರೆಯಲಿಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ನಾನು ಬಿಡಿಸುತ್ತಿದ್ದ ಹಸುವಿನ ಕಾಲು ನೋಡಿ, "ಅಮ್ಮಾ, ಮೊಣಕಾಲು ಆ ಕಡೆ ಬಾಗುವುದಿಲ್ಲ" ಎಂದ. ಪೆನ್ಸಿಲ್ ತೆಗೆದುಕೊಂಡು ಒಂದೇ ಗೆರೆ ಎಳೆದು ವಾಪಸು ಕೊಟ್ಟ. ಆ ಹಾಳೆ ಇಂದಿಗೂ ನನ್ನ ಬಳಿ ಇದೆ.

ಮನೋರೋಗ ವಿಭಾಗದ ದಾದಿಯೊಬ್ಬರು:

ಆ ತಾಯಿ ಮಾಡಿದ್ದಕ್ಕೆ ಚಿಕಿತ್ಸೆಯಲ್ಲಿಯೂ ಆಧಾರವಿದೆ. ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯುತ್ತ ಕುಳಿತರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ. ಬಹಳ ಚಿಕ್ಕ ಕೆಲಸವೊಂದು ಮೊದಲು ಆಗಬೇಕು, ಮನಸ್ಸು ನಿಧಾನವಾಗಿ ಅದರ ಹಿಂದೆ ಬರುತ್ತದೆ. ಆದ್ದರಿಂದ ಒಂದು ಪೆನ್ಸಿಲ್, ಜೊತೆಗೆ ನೀವು. ನಲವತ್ತು ಬಣ್ಣ ಅಲ್ಲ.

ನಾನು ಕಣ್ಣಾರೆ ಕಂಡ ಅತ್ಯುತ್ತಮ ಉಡುಗೊರೆ ಎಂದರೆ ಪತ್ರ. ಇದಕ್ಕೊಂದು ಹಳೆಯ ಪುರಾವೆಯೂ ಇದೆ. 1960ರ ದಶಕದ ಕೊನೆಯಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೋಟೋ ಎಂಬ ಮನೋವೈದ್ಯರು ಒಂದು ಅಧ್ಯಯನ ಆರಂಭಿಸಿದರು. ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಐದು ವರ್ಷಗಳ ಕಾಲ, ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿ, ಎರಡು ಮೂರು ಸಾಲಿನ ಪತ್ರ ಹೋಗುತ್ತಿತ್ತು. ನೀವು ಚೆನ್ನಾಗಿದ್ದೀರಿ ಎಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅದರ ಸಾರ. ಚಿಕಿತ್ಸೆಗೆ ಬನ್ನಿ ಎಂಬ ಒತ್ತಾಯವಿಲ್ಲ, ಪ್ರಶ್ನೆಗಳಿಲ್ಲ. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಪಡೆಯದವರಿಗಿಂತ ಗಣನೀಯವಾಗಿ ಕಡಿಮೆ ಇತ್ತು. ಅಪರಿಚಿತರ ಎರಡು ಸಾಲಿಗೆ ಇಷ್ಟು ಬಲ ಇದ್ದರೆ ಅಕ್ಕನ ಕೈಬರಹಕ್ಕೆ ಎಷ್ಟಿರಬೇಡ! ಬರೆಯುವಾಗ "ಬೇಗ ಹುಷಾರಾಗು", "ಧೈರ್ಯ ತಂದುಕೋ" ಎಂದೆಲ್ಲ ಬೇಡ. ಇವತ್ತು ಏನು ಕಂಡಿರೋ ಅದನ್ನು ಬರೆಯಿರಿ. ಕೊನೆಗೆ "ಉತ್ತರ ಬರೆಯಬೇಕಾಗಿಲ್ಲ" ಎಂದು ಸೇರಿಸಿ. ಹುಟ್ಟುಹಬ್ಬದ ಒಂದು ದಿನಕ್ಕೆ ನಿಲ್ಲಿಸಬೇಡಿ, ಏಕೆಂದರೆ ಎಲ್ಲರೂ ಮರೆಯುವುದು ಆಮೇಲಿನ ತಿಂಗಳುಗಳಲ್ಲಿಯೇ.

ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲಾರೆ. ತಮ್ಮ ತನಗೆ ಪ್ರಿಯವಾದ ವಸ್ತುಗಳನ್ನು ತಾನೇ ಇತರರಿಗೆ ಕೊಡತೊಡಗಿದರೆ, ಅಥವಾ ಬಹುಕಾಲದ ಮಂಕು ಕವಿದ ಮೇಲೆ ಇದ್ದಕ್ಕಿದ್ದಂತೆ ತೀರಾ ಶಾಂತನಾದರೆ, ತಡ ಮಾಡಬೇಡಿ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ಸುಳ್ಳು. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ಅವನ ವೈದ್ಯರಿಗೆ ಅಥವಾ ತುರ್ತು ಚಿಕಿತ್ಸೆಗೆ ಆಗಲೇ ತಲುಪಿಸಿ.

ಮತ್ತೊಬ್ಬರು:

ಕೆಲಸವನ್ನೂ ಉಡುಗೊರೆಯಾಗಿ ಕೊಡಬಹುದು. ನನ್ನ ಅಣ್ಣ ನನ್ನ ಮೂರು ತಿಂಗಳ ಬಿಲ್ಲುಗಳನ್ನು ಕಟ್ಟಿ, ತೆರೆಯದ ಲಕೋಟೆಗಳನ್ನೆಲ್ಲ ಒಡೆದು ವಿಂಗಡಿಸಿ ಕೊಟ್ಟ. "ಏನಾದರೂ ಬೇಕಿದ್ದರೆ ಹೇಳು" ಎಂದು ಹೇಳಿದವರು ಹತ್ತು ಜನ. ಹೇಳುವ ಶಕ್ತಿಯೇ ಇಲ್ಲದವನು ಏನು ಹೇಳಲಿ? "ಶನಿವಾರ ಹತ್ತು ಗಂಟೆಗೆ ಬಂದು ಬಟ್ಟೆ ಒಗೆದು ಹೋಗುತ್ತೇನೆ, ನೀನು ಮಲಗಿಯೇ ಇರು" ಎಂದು ಹೇಳಿ.

ಕೇಳಿದವರು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಬಣ್ಣದ ಪೆಟ್ಟಿಗೆಯನ್ನು ಬಿಟ್ಟೆ. ಅವನ ದಿಂಬಿನ ಹಳೆಯ ಕವರು ಹರಿದಿರುವುದನ್ನು ನಿನ್ನೆ ಗಮನಿಸಿದೆ. ನಾಲ್ಕು ತಿಂಗಳಿಂದ ಆ ಕೋಣೆಗೆ ಹೋಗಿಬರುತ್ತಿದ್ದರೂ ನೋಡಿರಲಿಲ್ಲ. ಮೆತ್ತನೆಯ ಹತ್ತಿಯ ಎರಡು ಕವರುಗಳನ್ನು ತಂದು ಒಗೆದು ಹಾಕಿದ್ದೇನೆ, ಒಣಗುತ್ತಿವೆ. ಹುಟ್ಟುಹಬ್ಬದ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಹಾಕಿಟ್ಟು ಬರುತ್ತೇನೆ. ಹನ್ನೆರಡು ಕಾರ್ಡು ತಂದಿದ್ದೇನೆ, ಹದಿನೈದು ದಿನಕ್ಕೊಂದು ಎಂಬ ಲೆಕ್ಕದಲ್ಲಿ. ಮೊದಲನೆಯದನ್ನು ಇಂದು ಬರೆದೆ: "ಬೆಳಿಗ್ಗೆ ಕಿಟಕಿಯ ಹೊರಗೆ ಎರಡು ಗುಬ್ಬಿಗಳು ಒಂದೇ ಹುಲ್ಲುಕಡ್ಡಿಗೆ ಜಗಳವಾಡುತ್ತಿದ್ದವು. ನಿನಗೆ ತೋರಿಸಬೇಕೆನಿಸಿತು. ಉತ್ತರ ಬರೆಯಬೇಕಾಗಿಲ್ಲ. — ಅಕ್ಕ."