ಅಪ್‌ಡೇಟ್: ಮುಖ್ಯ ಡೊಮೈನ್ ಕಂಟ್ರೋಲರ್ ಮರಳಿ ಕೆಲಸ ಮಾಡುತ್ತಿದೆ

ಡಿಸ್ಕ್ ಕೆಟ್ಟು ವಿಂಡೋಸ್ ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದ ಮೇಲೆ, ನಮ್ಮ ಕಚೇರಿಯ ಮೊದಲ ಡೊಮೈನ್ ಕಂಟ್ರೋಲರನ್ನು (ಕಚೇರಿ ಜಾಲದ ಬಳಕೆದಾರರು ಮತ್ತು ಲಾಗಿನ್‌ಗಳನ್ನು ನಿರ್ವಹಿಸುವ ಸರ್ವರ್) ಅದೇ ಹೆಸರಿನಲ್ಲಿ ಮತ್ತೆ ಸೇರಿಸುವುದು ಹೇಗೆಂದು ಕೇಳಿದ್ದೆ. ಈಗ ಅದು ಸರಿಹೋಗಿದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಸರ್ವರಿನ ಮುಖ್ಯ ಸಂರಚನೆಯ ನಕಲು) ಬಳಸುವ ಸಲಹೆ ಫಲಿಸಲಿಲ್ಲ, ಏಕೆಂದರೆ ನಮ್ಮಲ್ಲಿದ್ದ ಬ್ಯಾಕಪ್ ಟೂಂಬ್‌ಸ್ಟೋನ್ ಅವಧಿಯಾದ (ಅಳಿಸಿದ ದಾಖಲೆಗಳ ಗುರುತು ಉಳಿಯುವ ಕಾಲ; ಅದಕ್ಕಿಂತ ಹಳೆಯ ಬ್ಯಾಕಪ್ ಬಳಸುವಂತಿಲ್ಲ) 180 ದಿನಗಳಿಗಿಂತ ಹಳೆಯದಾಗಿತ್ತು. ಎಫ್‌ಎಸ್‌ಎಂಒ ರೋಲ್‌ಗಳ (ಒಂದೊಂದನ್ನೂ ಒಂದೇ ಕಂಟ್ರೋಲರ್ ಹೊರುವ ಐದು ವಿಶೇಷ ಹೊಣೆಗಳ) ವರ್ಗಾವಣೆಯೂ ಸಾಧ್ಯವಾಗಲಿಲ್ಲ. ಅದಕ್ಕೆ ಹಳೆಯ ಸರ್ವರ್ ಚಾಲನೆಯಲ್ಲಿರಬೇಕು. ಕೈಹಿಡಿದದ್ದು, ಉಳಿದಿದ್ದ ಎರಡನೆಯ ಕಂಟ್ರೋಲರಿನಲ್ಲಿ ಎನ್‌ಟಿಡಿಎಸ್‌ಯುಟಿಲ್ ಎಂಬ ಕಮಾಂಡ್ ಉಪಕರಣದ ಮೂಲಕ ಐದೂ ರೋಲ್‌ಗಳನ್ನು ಸೀಜ್ ಮಾಡಿ (ಹಳೆಯ ಸರ್ವರ್ ಇಲ್ಲದೆಯೇ ವಶಪಡಿಸಿಕೊಂಡು), ಹಳೆಯ ಸರ್ವರಿನ ಮೆಟಾಡೇಟಾವನ್ನು (ಡೈರೆಕ್ಟರಿಯಲ್ಲಿ ಉಳಿದ ಅದರ ದಾಖಲೆಗಳನ್ನು) ಅಳಿಸಿ, ಹೊಸ ಯಂತ್ರದ ಡಿಎನ್‌ಎಸ್ (ಹೆಸರುಗಳಿಂದ ವಿಳಾಸ ಹುಡುಕುವ) ಸೆಟ್ಟಿಂಗನ್ನು ಎರಡನೆಯ ಕಂಟ್ರೋಲರಿನತ್ತ ತಿರುಗಿಸಿದ ಮೇಲಷ್ಟೇ ಅದನ್ನು ಕಂಟ್ರೋಲರ್ ಆಗಿ ಪ್ರಮೋಟ್ ಮಾಡಬೇಕೆಂಬ ಸಲಹೆ.

ಅಚ್ಚರಿ ಕಾದಿದ್ದದ್ದು ಆಮೇಲೆ. ಪ್ರಮೋಷನ್ ಯಶಸ್ವಿಯೆಂದು ತೋರಿದರೂ ಹೊಸ ಸರ್ವರಿನಲ್ಲಿ ಸಿಸ್‌ವಾಲ್ ಮತ್ತು ನೆಟ್‌ಲಾಗಾನ್ ಶೇರ್‌ಗಳು (ಡೊಮೈನಿನ ನೀತಿಗಳೂ ಲಾಗಿನ್ ಸ್ಕ್ರಿಪ್ಟ್‌ಗಳೂ ಇರುವ ಹಂಚಿಕೆಯ ಫೋಲ್ಡರುಗಳು) ಕಾಣಿಸಲೇ ಇಲ್ಲ. ಎರಡನೆಯ ಕಂಟ್ರೋಲರಿನ ಇವೆಂಟ್ ಲಾಗ್‌ನಲ್ಲಿ 4012 ಸಂಖ್ಯೆಯ ದೋಷ ಸಿಕ್ಕಿತು: 60 ದಿನಗಳಿಗೂ ಹೆಚ್ಚು ಕಾಲ ಸಂಪರ್ಕ ತಪ್ಪಿದ್ದರಿಂದ ಡಿಎಫ್‌ಎಸ್‌ಆರ್ (ಕಂಟ್ರೋಲರುಗಳ ನಡುವೆ ಫೋಲ್ಡರುಗಳನ್ನು ನಕಲಿಸುವ ಸೇವೆ) ಸಿಸ್‌ವಾಲ್ ಫೋಲ್ಡರಿನ ರೆಪ್ಲಿಕೇಷನ್ ನಿಲ್ಲಿಸಿಬಿಟ್ಟಿತ್ತು. ಈ ಪರಿಸ್ಥಿತಿ ಬಹಳ ಮಂದಿಗೆ ಎದುರಾಗಬಹುದೆಂದು ನನ್ನ ಅನಿಸಿಕೆ. ಸಿಸ್‌ವಾಲ್‌ನ ಒಂದು ಪ್ರತಿಯನ್ನು ಬೇರೆಡೆ ಇರಿಸಿ, ಎರಡೂ ಕಡೆ ಸಿಸ್‌ವಾಲ್ ಸಬ್‌ಸ್ಕ್ರಿಪ್ಷನ್ (ರೆಪ್ಲಿಕೇಷನ್‌ನಲ್ಲಿ ಪಾಲ್ಗೊಳ್ಳುವಿಕೆ) ನಿಷ್ಕ್ರಿಯಗೊಳಿಸಿ, ಡೈರೆಕ್ಟರಿಯನ್ನು ತಿದ್ದುವ ಎಡಿಎಸ್‌ಐ ಎಡಿಟ್ ಉಪಕರಣದಲ್ಲಿ ಎರಡನೆಯ ಕಂಟ್ರೋಲರನ್ನು ಅಥಾರಿಟೇಟಿವ್ (ಅಧಿಕೃತ ಮೂಲ ಪ್ರತಿಯುಳ್ಳದ್ದು) ಎಂದು ಗುರುತಿಸಿ, ಮೊದಲು ಅದನ್ನೂ ನಂತರ ಹೊಸದನ್ನೂ ಸಕ್ರಿಯಗೊಳಿಸಿದಾಗ ಸಿಸ್‌ವಾಲ್ ಸಿದ್ಧವೆಂಬ 4602 ಸಂದೇಶ ದಾಖಲಾಗಿ ಶೇರ್‌ಗಳು ಬಂದವು.

ರೋಲ್‌ಗಳನ್ನು ಈಗ ಹೊಸ ಸರ್ವರಿಗೆ ವರ್ಗಾಯಿಸಿ, ಪಿಡಿಸಿ ಎಮ್ಯುಲೇಟರ್ (ಐದು ರೋಲ್‌ಗಳಲ್ಲೊಂದು, ಡೊಮೈನಿನ ಸಮಯದ ಮೂಲ) ಆಗಿರುವ ಅದಕ್ಕೆ ಹೊರಗಿನ ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಹೊಂದಿಸುವ ಸೇವೆ) ಸಮಯವನ್ನು ಹೊಂದಿಸಿದ್ದೇನೆ.