ಅಪ್‌ಡೇಟ್: ಟೀ ಶರ್ಟ್ ಪ್ರಿಂಟಿಂಗ್‌ಗೆ ತಗೊಂಡ ಪ್ರಿಂಟರ್, ಹಾಕಿದ ಇಂಕ್

ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಹುಡುಗರಿಗೆ ಟೀ ಶರ್ಟ್ ಮಾಡಿಕೊಡಬೇಕು, ಯಾವ ಇಂಕ್‌ಜೆಟ್ ಪ್ರಿಂಟರ್ ತಗೊಳ್ಳಲಿ, ಯಾವ ಇಂಕ್ ಹಾಕಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಗೆ ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡು, ಶುರುವಿನಿಂದಲೇ ಸಬ್ಲಿಮೇಷನ್ ಇಂಕ್ (ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆದು, ಆಮೇಲೆ ಬಿಸಿ ಒತ್ತಿ ಬಟ್ಟೆಗೆ ಇಳಿಸುವ ಇಂಕ್) ತುಂಬಿಸಿದೆ.

ಎಪ್ಸನ್ನೇ ಯಾಕೆ ಅಂದ್ರೆ, ಅದರದು ಪೈಜೋ ಹೆಡ್. ಇಂಕನ್ನು ಬಿಸಿ ಮಾಡದೆ, ಒತ್ತಡದಿಂದ ಚಿಮ್ಮಿಸುತ್ತದೆ. ಬಿಸಿ ಮಾಡಿ ಚಿಮ್ಮಿಸುವ ಹೆಡ್‌ಗೆ ಈ ಇಂಕ್ ಹೊಂದುವುದಿಲ್ಲ.

ಪ್ರಿಂಟರ್‌ಗಿಂತ ಮೊದಲು ಬಟ್ಟೆ ಯಾವುದು ಅಂತ ತೀರ್ಮಾನಿಸಿ ಎಂದು ಒಬ್ಬರು ಹೇಳಿದ್ದರು. ನನಗೆ ಎಲ್ಲಕ್ಕಿಂತ ಉಪಯೋಗವಾಗಿದ್ದು ಆ ಮಾತೇ. ಸಬ್ಲಿಮೇಷನ್ ಇಂಕ್ ಶಾಖಕ್ಕೆ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಇಳಿಯುತ್ತದೆ. ಕಾಟನ್ ಮೇಲೆ ನಿಲ್ಲುವುದಿಲ್ಲ. ಜೊತೆಗೆ ಅದು ಪಾರದರ್ಶಕ, ಬಟ್ಟೆಯ ಬಣ್ಣವೂ ಸೇರಿಕೊಳ್ಳುತ್ತದೆ. ಹಳದಿ ಶರ್ಟ್ ಮೇಲೆ ನೀಲಿ ಹಾಕಿದರೆ ಹಸಿರಾಗುತ್ತದೆ, ಅಲ್ವಾ? ನಮಗೆ ಬೇಕಿದ್ದದ್ದು ಹಳದಿ ಮೇಲೆ ಕೆಂಪು ಅಕ್ಷರ. ಸೊಗಸಾಗಿ ಬಂದಿದೆ! ಹೀಟ್ ಪ್ರೆಸ್ (ಕಾಗದವನ್ನು ಬಟ್ಟೆ ಮೇಲಿಟ್ಟು ಬಿಸಿಯಾಗಿ ಒತ್ತುವ ಯಂತ್ರ) 195 ಡಿಗ್ರಿ ಸೆಲ್ಸಿಯಸ್, 50 ಸೆಕೆಂಡ್. ಪ್ರಿಂಟ್ ಕೊಡುವಾಗ ಮಿರರ್ ಮಾಡಲೇಬೇಕು, ಅಂದ್ರೆ ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಬೇಕು. ಕಾಗದದ ಮೇಲೆ ಬಣ್ಣ ಮಂಕಾಗಿ ಕಾಣುತ್ತದೆ, ಗಾಬರಿ ಬೇಡ, ಪ್ರೆಸ್ ಆದ ಮೇಲೆ ಕಳೆಗಟ್ಟುತ್ತದೆ.

ಕಾಟನ್ನೇ ಬೇಕು ಅನ್ನುವವರು ಪಿಗ್ಮೆಂಟ್ ಇಂಕ್ (ನುಣ್ಣನೆಯ ಬಣ್ಣದ ಕಣಗಳಿರುವ ಇಂಕ್), ಇಂಕ್‌ಜೆಟ್ ಟ್ರಾನ್ಸ್‌ಫರ್ ಪೇಪರ್ (ಪ್ರಿಂಟನ್ನು ಬಿಸಿ ಒತ್ತಿ ಬಟ್ಟೆಗೆ ಅಂಟಿಸುವ ಕಾಗದ) ತಗೊಳ್ಳಿ. ಮಾಮೂಲಿ ಡೈ ಇಂಕ್ (ಬಣ್ಣ ಕರಗಿರುವ ಇಂಕ್) ಒಗೆದಾಗ ಬೇಗ ಮಾಸುತ್ತದೆ. ಗಾಢ ಬಣ್ಣದ ಶರ್ಟ್‌ಗೆ ಬೇರೆ ಪೇಪರ್ ಬರುತ್ತದೆ, ಅದಕ್ಕೆ ಮಿರರ್ ಬೇಡ.

ಬೇರೆ ಇಂಕ್ ತುಂಬಿಸಿದರೆ ಪ್ರಿಂಟರ್ ವಾರಂಟಿ ಸಿಗುವುದು ಕಷ್ಟ, ಯೋಚಿಸಿ ತಗೊಳ್ಳಿ. ಕೆಲಸ ಇಲ್ಲದಿದ್ದರೂ ಆಗಾಗ ಒಂದು ಕಲರ್ ಪೇಜ್ ತೆಗೆಯುತ್ತಿರಿ, ಸುಮ್ನೆ ಬಿಟ್ಟರೆ ನಾಝಲ್ (ಇಂಕ್ ಬರುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ.